ನಿಕೋಟಿನ್ ಚಟ: ಗಂಡಿಗೊಂದು ಲೆಕ್ಕ, ಹೆಣ್ಣಿಗೊಂದು ಲೆಕ್ಕ

ಸಿಗರೇಟು ಬಿಡಬೇಕೆಂದು ಸಂಕಲ್ಪ ಮಾಡಿದವರ ತೋಳಿಗೆ ವೈದ್ಯರು ಅಂಟಿಸುವ ನಿಕೋಟಿನ್ ಪಟ್ಟಿಯ ಬಗ್ಗೆ ಅನೇಕ ಓದುಗರು ಕೇಳಿರಬಹುದು. ಹೊಗೆಯಿಲ್ಲದೆ, ಟಾರಿನ ವಿಷವಿಲ್ಲದೆ, ಚರ್ಮದ ಮೂಲಕ ಸ್ವಲ್ಪ ಸ್ವಲ್ಪವಾಗಿ ನಿಕೋಟಿನ್ ಒದಗಿಸಿ ದೇಹದ ಹಪಾಹಪಿಯನ್ನು ತಣಿಸುವುದು ಇದರ ಉದ್ದೇಶ. ಈ ಪಟ್ಟಿಯನ್ನು ಪರೀಕ್ಷಿಸಿದ 14 ಪ್ರಯೋಗಗಳ ಫಲಿತಾಂಶಗಳನ್ನು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕೆನೆತ್ ಪರ್ಕಿನ್ಸ್ ಅವರು ಸಹ ಸಂಶೋಧಕರೊಬ್ಬರೊಂದಿಗೆ ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದರು. ಒಟ್ಟು 6,250 ಮಂದಿಯ ಲೆಕ್ಕ ಅದು. ಪಟ್ಟಿ ಧರಿಸಿದ ಗಂಡಸರಲ್ಲಿ ಶೇ. 20.1ರಷ್ಟು ಮಂದಿ ಆರು ತಿಂಗಳ ನಂತರವೂ ಸಿಗರೇಟಿನಿಂದ ದೂರ ಉಳಿದಿದ್ದರು. ಹೆಂಗಸರಲ್ಲಿ ಹಾಗೆ ಉಳಿದವರು ಶೇ. 14.7.

ಇಷ್ಟನ್ನೇ ಓದಿದವರು 'ಹೆಂಗಸರ ಮನಸ್ಸು ಗಟ್ಟಿಯಿಲ್ಲ' ಎಂದು ಷರಾ ಬರೆದುಬಿಡುವ ಸಂಭವ ಹೆಚ್ಚು. ಆದರೆ ಅದೇ ಪ್ರಯೋಗಗಳಲ್ಲಿ ಇನ್ನೊಂದು ಗುಂಪಿಗೆ ನಿಕೋಟಿನ್ ಇಲ್ಲದ ಹುಸಿಪಟ್ಟಿಯನ್ನು ಅಂಟಿಸಲಾಗಿತ್ತು. ಆ ಗುಂಪಿನಲ್ಲಿ ಯಶಸ್ಸು ಕಂಡ ಗಂಡಸರು ಶೇ. 10.8, ಹೆಂಗಸರು ಶೇ. 10.1. ಎಂದರೆ ಬರಿಯ ಸಂಕಲ್ಪದ ಬಲದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಸಮ. ನಿಕೋಟಿನ್ ಸೇರಿಸಿದ ಮೇಲಷ್ಟೇ ಗಂಡಸರು ಮುಂದೆ ಹೋದರು. ಔಷಧದಿಂದ ಗಂಡಸರಿಗೆ ದೊರೆತ ನೆರವಿನ ಅರ್ಧದಷ್ಟು ಮಾತ್ರ ಹೆಂಗಸರಿಗೆ ದೊರೆತಿತ್ತು. ಸೋತದ್ದು ಮನಸ್ಸಲ್ಲ, ಮದ್ದು. ಅದು ಏಕೆ ಸೋತಿತು ಎಂಬುದನ್ನು ಕಳೆದ ಎರಡು ಮೂರು ದಶಕಗಳ ಸಂಶೋಧನೆ ಹಂತಹಂತವಾಗಿ ಬಿಡಿಸಿಟ್ಟಿದೆ.

ಹೊಗೆಯಿಂದ ಮಿದುಳಿಗೆ

ನಿಕೋಟಿನ್ ಎಂಬ ಹೆಸರು ಬಂದದ್ದು ಜಾನ್ ನಿಕೋ ಎಂಬ ಫ್ರೆಂಚ್ ರಾಯಭಾರಿಯಿಂದ. ಲಿಸ್ಬನ್ನಿನಲ್ಲಿದ್ದ ಆತ 1560ರ ಸುಮಾರಿಗೆ ತಂಬಾಕನ್ನು ತಲೆನೋವಿನ ಔಷಧವೆಂದು ಫ್ರಾನ್ಸಿನ ಅರಮನೆಗೆ ಕಳುಹಿಸಿದ್ದ. ಗಿಡದಿಂದ ಈ ರಾಸಾಯನಿಕವನ್ನು ಪ್ರತ್ಯೇಕಿಸಿದ್ದು 1828ರಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ.

ಹೊಗೆಯೊಡನೆ ಒಳಹೊಕ್ಕ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ತಲುಪಲು 10ರಿಂದ 20 ಸೆಕೆಂಡುಗಳು ಸಾಕು. ಮಿದುಳಿನ ನರಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕಕ್ಕಾಗಿ ನಿಸರ್ಗ ನಿರ್ಮಿಸಿದ ಬೀಗಗಳಿವೆ. ವಿಜ್ಞಾನಿಗಳು ಇವನ್ನು ಗ್ರಾಹಕಗಳೆನ್ನುತ್ತಾರೆ. ನಿಕೋಟಿನ್ ಈ ಬೀಗಗಳಿಗೆ ಹೊಂದುವ ಕಳ್ಳಕೀಲಿ. ಬೀಗ ತೆರೆದೊಡನೆ ಡೋಪಮೈನ್ ಸ್ರವಿಸುತ್ತದೆ, ಹಿತವೆನಿಸುತ್ತದೆ, ಇನ್ನೊಮ್ಮೆ ಬೇಕೆನಿಸುತ್ತದೆ. ಪದೇ ಪದೇ ನಿಕೋಟಿನ್ ಬಂದು ಕುಳಿತಾಗ ಗ್ರಾಹಕಗಳು ಮಂಕಾಗುತ್ತವೆ, ಅದನ್ನು ಸರಿದೂಗಿಸಲು ಮಿದುಳು ಇನ್ನಷ್ಟು ಗ್ರಾಹಕಗಳನ್ನು ಹುಟ್ಟುಹಾಕುತ್ತದೆ. ಸಿಗರೇಟು ಬಿಟ್ಟ ದಿನ ಈ ಹೆಚ್ಚುವರಿ ಗ್ರಾಹಕಗಳೆಲ್ಲ ಬರಿದಾಗಿ ಕಾಯುತ್ತವೆ. ಸಿಡುಕು, ಏಕಾಗ್ರತೆಯ ಕೊರತೆ, ನಿದ್ರೆಗೇಡು ಇವುಗಳ ಮೂಲ ಇದೇ ಎಂದು ಪಠ್ಯಪುಸ್ತಕಗಳು ವಿವರಿಸುತ್ತವೆ. ನಿಕೋಟಿನ್ ಪಟ್ಟಿ, ನಿಕೋಟಿನ್ ಚೂಯಿಂಗ್ ಗಮ್ ಎಲ್ಲವೂ ಈ ಖಾಲಿ ಗ್ರಾಹಕಗಳಿಗೆ ಉಣಿಸುವ ಉಪಾಯಗಳು.

ಈ ವಿವರಣೆಯಲ್ಲಿ ತಪ್ಪಿಲ್ಲ. ಆದರೆ ಇದು ಗಂಡಸರಿಗೆ ಹೊಂದಿಕೊಳ್ಳುವಷ್ಟು ಚೆನ್ನಾಗಿ ಹೆಂಗಸರಿಗೆ ಹೊಂದುವುದಿಲ್ಲ ಎಂಬುದು ಚಿತ್ರಣ ಯಂತ್ರಗಳು ಬಂದ ಮೇಲೆ ಗೊತ್ತಾಯಿತು.

ಗ್ರಾಹಕಗಳ ಎಣಿಕೆ

ಯೇಲ್ ವಿಶ್ವವಿದ್ಯಾಲಯದ ಕೆಲ್ಲಿ ಕಾಸ್ಗ್ರೋವ್ ಮತ್ತು ಸಂಗಡಿಗರು ಸಿಗರೇಟು ಬಿಟ್ಟು ಕೆಲವೇ ದಿನಗಳಾದವರ ಮಿದುಳಿನಲ್ಲಿ ಈ ಗ್ರಾಹಕಗಳನ್ನು ವಿಕಿರಣ ಸೂಸುವ ಗುರುತುದ್ರವ್ಯದ ಸಹಾಯದಿಂದ ಅಳೆದರು. 2012ರಲ್ಲಿ ಪ್ರಕಟವಾದ ಅವರ ವರದಿಯಂತೆ, ಧೂಮಪಾನಿ ಗಂಡಸರ ಮಿದುಳಿನಲ್ಲಿ ಗ್ರಾಹಕಗಳ ಪ್ರಮಾಣ ಸೇದದ ಗಂಡಸರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು, ಪಠ್ಯಪುಸ್ತಕ ಹೇಳಿದಂತೆಯೇ. ಧೂಮಪಾನಿ ಹೆಂಗಸರಿಗೂ ಸೇದದ ಹೆಂಗಸರಿಗೂ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಚಟ ಇಬ್ಬರಿಗೂ ಇತ್ತು, ಚಟದ ಗುರುತೆಂದು ನಂಬಿದ್ದ ಬದಲಾವಣೆ ಒಬ್ಬರಲ್ಲಿ ಮಾತ್ರ ಇತ್ತು. ಖಾಲಿ ಗ್ರಾಹಕಗಳನ್ನು ತುಂಬುವುದಕ್ಕೆಂದೇ ಮಾಡಿದ ಔಷಧ ಹೆಂಗಸರಲ್ಲಿ ಏಕೆ ಮಂದವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಇಲ್ಲೊಂದು ಸುಳಿವು ಸಿಕ್ಕಿತು. ಹೆಂಗಸರಲ್ಲಿ ಈ ಗ್ರಾಹಕಗಳ ಪ್ರಮಾಣ ಆ ದಿನದ ಪ್ರೊಜೆಸ್ಟರಾನ್ ಹಾರ್ಮೋನಿನ ಮಟ್ಟಕ್ಕೆ ವಿರುದ್ಧ ದಿಕ್ಕಿನಲ್ಲಿ ಏರಿಳಿಯುತ್ತಿತ್ತು ಎಂಬುದು ಅದೇ ವರದಿಯ ಇನ್ನೊಂದು ಅಂಶ.

ಇದೇ ತಂಡ 2014ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಎಂಟು ಗಂಡಸರು, ಎಂಟು ಹೆಂಗಸರು ಪೆಟ್ ಯಂತ್ರದೊಳಗೆ ಮಲಗಿಯೇ ಸಿಗರೇಟು ಸೇದಿದರು. ಸೇದುತ್ತಿರುವಾಗ ಡೋಪಮೈನ್ ಯಾವ ಕ್ಷಣದಲ್ಲಿ, ಯಾವ ಭಾಗದಲ್ಲಿ ಚಿಮ್ಮುತ್ತದೆ ಎಂಬುದನ್ನು ಸಂಶೋಧಕರು ಚಲನಚಿತ್ರದಂತೆ ಸೆರೆಹಿಡಿದರು. ಗಂಡಸರಲ್ಲಿ ಡೋಪಮೈನ್ ಬೇಗನೆ ಮತ್ತು ಏಕರೂಪವಾಗಿ ಚಿಮ್ಮಿದ್ದು ಔಷಧದ ಹಿತವನ್ನು ದಾಖಲಿಸುವ ಭಾಗದಲ್ಲಿ. ಹೆಂಗಸರಲ್ಲಿ ವೇಗದ ಪ್ರತಿಕ್ರಿಯೆ ಕಂಡದ್ದು ಅದರ ಮೇಲ್ಬದಿಯಲ್ಲಿರುವ, ರೂಢಿ ಮತ್ತು ಅಭ್ಯಾಸಗಳಿಗೆ ಸಂಬಂಧಿಸಿದ ಭಾಗವೊಂದರಲ್ಲಿ. ಹದಿನಾರೇ ಮಂದಿಯ ಅಧ್ಯಯನವಾದ್ದರಿಂದ ಇದನ್ನು ಕೊನೆಯ ಮಾತೆಂದು ಸ್ವೀಕರಿಸಲಾಗದು. ಆದರೂ ಬೇರೆ ದಾರಿಯಲ್ಲಿ ಬಂದವರೂ ಇದೇ ಊರಿಗೆ ತಲುಪಿದ್ದರು.

ಮೂಗು, ಕಣ್ಣು, ಕೈಬೆರಳು

ಆ ಬೇರೆ ದಾರಿ ಮೇಲೆ ಹೇಳಿದ ಪರ್ಕಿನ್ಸ್ ಅವರದು. ಅವರ ಪ್ರಯೋಗಾಲಯದ ಉಪಾಯ ಸರಳ. ನೋಡಲು, ಮೂಸಲು, ಹಚ್ಚಲು ಮಾಮೂಲಿ ಸಿಗರೇಟಿನಂತೆಯೇ ಇರುವ, ಆದರೆ ನಿಕೋಟಿನ್ ಬಹುಪಾಲು ತೆಗೆದುಹಾಕಿದ ಸಿಗರೇಟನ್ನು ಕೊಡುವುದು. ಅಥವಾ ನಿಕೋಟಿನ್ ಪ್ರಮಾಣವನ್ನು ಹೇಳದೆ ಏರಿಸಿ ಇಳಿಸಿ ವ್ಯತ್ಯಾಸ ತಿಳಿಯಿತೇ ಎಂದು ಕೇಳುವುದು. ಪ್ರಮಾಣದ ಏರಿಳಿತವನ್ನು ಗಂಡಸರು ಹೆಚ್ಚು ಚೆನ್ನಾಗಿ ಗುರುತಿಸಿದರು. ಹೆಂಗಸರ ತೃಪ್ತಿ ನಿಕೋಟಿನ್ ಪ್ರಮಾಣಕ್ಕೆ ಅಷ್ಟಾಗಿ ಅಂಟಿಕೊಂಡಿರಲಿಲ್ಲ. ವಾಸನೆ, ರುಚಿ ತಿಳಿಯದಂತೆ ತಡೆದಾಗ ಸಿಗರೇಟಿನ ಸುಖ ಹೆಚ್ಚು ಕುಗ್ಗಿದ್ದು ಹೆಂಗಸರಲ್ಲಿ. ಇನ್ನೊಂದು ಪ್ರಯೋಗದಲ್ಲಿ 'ಇದರಲ್ಲಿ ನಿಕೋಟಿನ್ ಇದೆ' ಎಂಬ ಬಾಯಿಮಾತು ಕೂಡ ಹೆಂಗಸರ ಅನುಭವವನ್ನು ಬದಲಿಸಿತು, ಗಂಡಸರದ್ದನ್ನು ಬದಲಿಸಲಿಲ್ಲ.

ಇದರ ಅರ್ಥ ಹೆಂಗಸರಿಗೆ ನಿಕೋಟಿನ್ ತಟ್ಟುವುದಿಲ್ಲ ಎಂದಲ್ಲ. ಹೊಗೆಯ ಘಮ, ಕೈಯಲ್ಲಿ ಹಿಡಿದ ಭಂಗಿ, ಜೊತೆಗಿದ್ದ ಗೆಳತಿ, ಕಾಫಿಯ ಲೋಟ, ಕೆಲಸದ ನಡುವಿನ ಐದು ನಿಮಿಷದ ಬಿಡುವು, ಇವೆಲ್ಲ ನಿಕೋಟಿನ್‌ನೊಂದಿಗೆ ಹೆಣೆದುಕೊಂಡು ಚಟದ ಭಾಗವೇ ಆಗಿಬಿಡುತ್ತವೆ. ಆ ಹೆಣಿಗೆ ಹೆಂಗಸರಲ್ಲಿ ಸರಾಸರಿಯಾಗಿ ಹೆಚ್ಚು ಬಿಗಿ. ಬೇಸರ, ಆತಂಕ, ಸಿಟ್ಟನ್ನು ಅದುಮಿಡಲು ಸಿಗರೇಟಿನ ಮೊರೆಹೋಗುವುದಾಗಿ ಹೇಳುವವರಲ್ಲಿಯೂ ಹೆಂಗಸರೇ ಹೆಚ್ಚು. ಬಿಟ್ಟರೆ ದಪ್ಪಗಾಗುವ ಭಯವೊಂದು ಬೇರೆ. ತೋಳಿಗೆ ಅಂಟಿಸಿದ ಪಟ್ಟಿಗೆ ಘಮವಿಲ್ಲ, ಬಿಡುವಿಲ್ಲ, ಗೆಳತಿಯಿಲ್ಲ.

ನೋವಿನ ವಿಷಯದಲ್ಲಿಯೂ ಒಂದು ವಿಚಿತ್ರವಿದೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ನಿಕೋಟಿನ್ ಕೊಟ್ಟು ನೋವು ಸಹಿಸುವ ಶಕ್ತಿಯನ್ನು ಅಳೆದಾಗ ಗಂಡಸರಲ್ಲಿ ಅದು ಹೆಚ್ಚಿತು, ಹೆಂಗಸರಲ್ಲಿ ಹೆಚ್ಚಲಿಲ್ಲ.

ಇಷ್ಟಾದ ಮೇಲೆ, ಇದೆಲ್ಲ ಸಮಾಜ ಕಲಿಸಿದ್ದಿರಬಹುದಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಸಿಗರೇಟು ಕಂಪನಿಗಳು 1920ರ ದಶಕದಿಂದಲೇ ಹೆಂಗಸರಿಗೆ ಸಿಗರೇಟನ್ನು ಸ್ವಾತಂತ್ರ್ಯದ, ತೆಳ್ಳಗಿನ ಮೈಕಟ್ಟಿನ ಸಂಕೇತವಾಗಿ ಮಾರಿದ್ದು ಇತಿಹಾಸ. ಆದರೆ ಇಲಿಗಳಿಗೆ ಜಾಹೀರಾತು ಓದಲು ಬಾರದು. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸನ್ನೆಯೊತ್ತಿ ತಾವೇ ನಿಕೋಟಿನ್ ಪಡೆಯಬಹುದಾದ ಇಲಿಗಳ ಪೈಕಿ ಹೆಣ್ಣಿಲಿಗಳು ಅದಕ್ಕಾಗಿ ಹೆಚ್ಚು ಶ್ರಮಪಡಲು ಸಿದ್ಧವಿದ್ದವು. ಸಮಾಜದ ಪಾತ್ರ ದೊಡ್ಡದೇ, ಆದರೆ ಅದರ ಕೆಳಗೆ ಜೀವಶಾಸ್ತ್ರದ ತಳಪಾಯವೊಂದಿದೆ.

ಯಕೃತ್ತಿನ ಅವಸರ

ಆ ತಳಪಾಯದ ಬಲವಾದ ಕಲ್ಲು ಇರುವುದು ಮಿದುಳಿನಲ್ಲಲ್ಲ, ಯಕೃತ್ತಿನಲ್ಲಿ. ದೇಹ ಸೇರಿದ ನಿಕೋಟಿನ್‌ನ ಮುಕ್ಕಾಲು ಪಾಲನ್ನು ಯಕೃತ್ತಿನ ಒಂದು ಕಿಣ್ವ ಕೋಟಿನಿನ್ ಎಂಬ ಇನ್ನೊಂದು ವಸ್ತುವಾಗಿ ಪರಿವರ್ತಿಸುತ್ತದೆ. ಈ ಕಿಣ್ವವನ್ನು ಈಸ್ಟ್ರೋಜನ್ ಹಾರ್ಮೋನು ಚುರುಕುಗೊಳಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯವಿಜ್ಞಾನಿ ನೀಲ್ ಬೆನೋವಿಟ್ಸ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಹೆಂಗಸರ ದೇಹ ಗಂಡಸರಿಗಿಂತ ಬೇಗ ನಿಕೋಟಿನ್ ಅನ್ನು ಕರಗಿಸುತ್ತದೆ. ಗರ್ಭನಿರೋಧಕ ಗುಳಿಗೆ ಸೇವಿಸುವವರಲ್ಲಿ ಈ ವೇಗ ಇನ್ನೂ ಹೆಚ್ಚು. ಋತುಬಂಧದ ನಂತರ ಈ ಅಂತರ ಕರಗಿಹೋಗುತ್ತದೆ. ಎಂದರೆ ಹೆಣ್ಣೆಂಬ ಕಾರಣಕ್ಕಲ್ಲ, ಹಾರ್ಮೋನಿನ ಕಾರಣಕ್ಕೆ.

ಗರ್ಭಿಣಿಯರಲ್ಲಿ ಇದು ಪರಾಕಾಷ್ಠೆಗೆ ಮುಟ್ಟುತ್ತದೆ. 2002ರ ಅಧ್ಯಯನವೊಂದರಲ್ಲಿ ಅದೇ ಮಹಿಳೆಯರನ್ನು ಗರ್ಭಾವಸ್ಥೆಯಲ್ಲಿ ಮತ್ತು ಹೆರಿಗೆಯ ನಂತರ ಪರೀಕ್ಷಿಸಿದಾಗ, ಗರ್ಭಾವಸ್ಥೆಯಲ್ಲಿ ನಿಕೋಟಿನ್ ಹೊರಹೋಗುವ ವೇಗ ಶೇ. 60ರಷ್ಟು ಹೆಚ್ಚಿತ್ತು. ಬಿಡಲೇಬೇಕೆಂದು ಎಲ್ಲರೂ ಒತ್ತಾಯಿಸುವ ಹೊತ್ತಿನಲ್ಲಿಯೇ ದೇಹ ನಿಕೋಟಿನ್ ಅನ್ನು ಅತಿ ಬೇಗ ಖಾಲಿ ಮಾಡಿ ಮತ್ತೆ ಕೇಳುತ್ತಿರುತ್ತದೆ. ಮನೆಯವರು ಇದನ್ನು ಹೊಣೆಗೇಡಿತನವೆಂದು ಬೈಯುವ ಮುನ್ನ ಈ ಅಂಕಿಯನ್ನು ನೆನೆಯುವುದೊಳಿತು.

ವೇಗವಾಗಿ ಕರಗಿಸುವವರಿಗೆ ಪಟ್ಟಿ ಸಾಲದು, ಬೇರೆ ಔಷಧ ಮೇಲು ಎಂಬುದನ್ನು 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿಕೊಟ್ಟಿತು. 1,246 ಧೂಮಪಾನಿಗಳು ಅದರಲ್ಲಿ ಪಾಲ್ಗೊಂಡಿದ್ದರು. ಸಾಮಾನ್ಯ ವೇಗದಲ್ಲಿ ನಿಕೋಟಿನ್ ಕರಗಿಸುವವರಿಗೆ ಪಟ್ಟಿಗಿಂತ ವಾರೆನಿಕ್ಲೀನ್ ಎಂಬ ಮಾತ್ರೆ ಹೆಚ್ಚು ಫಲ ಕೊಟ್ಟಿತು. ನಿಧಾನಗತಿಯವರಿಗೆ ಎರಡೂ ಒಂದೇ. ವಾರೆನಿಕ್ಲೀನ್‌ನಲ್ಲಿ ನಿಕೋಟಿನ್ ಇಲ್ಲ. ಅದು ಗ್ರಾಹಕದ ಬೀಗದಲ್ಲಿ ತಾನೇ ಅರ್ಧ ತಿರುಗಿ ಕುಳಿತುಬಿಡುವ ಕೀಲಿ. ಈ ಮಾತ್ರೆಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ಯೇಲ್ ತಂಡ, ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಇದರ ನೆರವು ಹೆಂಗಸರಿಗೇ ಹೆಚ್ಚೆಂದು 2016ರಲ್ಲಿ ವರದಿ ಮಾಡಿತು. ಒಂದು ವರ್ಷದ ಹೊತ್ತಿಗೆ ಈ ಮೇಲುಗೈ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು.

ತಿಂಗಳ ಚಕ್ರ

ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಮಟ್ಟ ತಿಂಗಳುದ್ದಕ್ಕೂ ಒಂದೇ ತೆರನಾಗಿರುವುದಿಲ್ಲವಾದ್ದರಿಂದ, ಚಟ ಬಿಡುವ ದಿನವನ್ನು ಋತುಚಕ್ರ ನೋಡಿ ನಿಗದಿಪಡಿಸಬಹುದೇ ಎಂಬ ಕುತೂಹಲ ಸಂಶೋಧಕರಲ್ಲಿ ಮೂಡಿತು. ಮಿನೆಸೋಟ ವಿಶ್ವವಿದ್ಯಾಲಯದ ಶ್ಯಾರನ್ ಅಲೆನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟಿನಿಂದ ಅಂಡೋತ್ಸರ್ಗದವರೆಗಿನ ಮೊದಲ ಅರ್ಧದಲ್ಲಿ ಸಿಗರೇಟು ಬಿಟ್ಟವರು ಬೇಗ ಮರುಕಳಿಸಿದರು. ಪ್ರೊಜೆಸ್ಟರಾನ್ ಹೆಚ್ಚಿರುವ ಎರಡನೆಯ ಅರ್ಧದಲ್ಲಿ ಬಿಟ್ಟವರು ಹೆಚ್ಚು ದಿನ ತಡೆದುಕೊಂಡರು. ಅವರು ಯಾವ ಔಷಧವನ್ನೂ ಬಳಸಿರಲಿಲ್ಲ. ಆದರೆ ನಿಕೋಟಿನ್ ಪಟ್ಟಿ ಬಳಸಿದವರನ್ನು ನೋಡಿದ ಇತರ ಅಧ್ಯಯನಗಳಲ್ಲಿ ಫಲಿತಾಂಶ ತಿರುವುಮುರುವಾಯಿತು. ಹಾಗಾಗಿ ಕ್ಯಾಲೆಂಡರ್ ನೋಡಿ ಮುಹೂರ್ತ ಇಡುವ ಹಂತಕ್ಕೆ ವಿಜ್ಞಾನ ಬಂದಿಲ್ಲ.

ಹಾರ್ಮೋನು ನಿಕೋಟಿನ್ ಅನ್ನು ಕಾಡುವಂತೆ ನಿಕೋಟಿನ್ ಕೂಡ ಹಾರ್ಮೋನನ್ನು ಕಾಡುತ್ತದೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ಎರಿಕಾ ಕೊಮಾಸ್ಕೊ ಅವರು 2022ರಲ್ಲಿ ವಿಯೆನ್ನಾದ ಸಮ್ಮೇಳನವೊಂದರಲ್ಲಿ ಮಂಡಿಸಿದ ವರದಿ ಗಮನಾರ್ಹ. ಹತ್ತು ಮಂದಿ ಆರೋಗ್ಯವಂತ ಮಹಿಳೆಯರ ಮೂಗಿಗೆ ಒಂದು ಸಿಗರೇಟಿನಷ್ಟು ನಿಕೋಟಿನ್ ಸಿಂಪಡಿಸಿದಾಗ, ಮಿದುಳಿನ ಥಲಾಮಸ್ ಎಂಬ ಭಾಗದಲ್ಲಿ ಈಸ್ಟ್ರೋಜನ್ ತಯಾರಿಸುವ ಕಿಣ್ವದ ಕೆಲಸ ತಗ್ಗಿತು. ಹತ್ತೇ ಮಂದಿ, ಒಂದೇ ಭಾಗ. ಆದರೂ ಒಂದೇ ಒಂದು ಸಿಗರೇಟಿನ ಪ್ರಮಾಣಕ್ಕೆ ಇಷ್ಟಾಗುವುದು ಯೋಚನೆಗೆ ಹಚ್ಚುವಂಥದು.

ತಡವಾಗಿ ಬಂದ ಪ್ರಶ್ನೆ, ಅವಸರದ ಉತ್ತರ

ಇಷ್ಟು ಮುಖ್ಯವಾದ ವಿಷಯ ಇಷ್ಟು ತಡವಾಗಿ ಏಕೆ ಬೆಳಕಿಗೆ ಬಂತು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಹೊರಡಿಸಿದ ಸೂಚನೆಯೇ, ಗರ್ಭ ಧರಿಸುವ ವಯಸ್ಸಿನ ಮಹಿಳೆಯರನ್ನು ಔಷಧಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಡಬೇಕೆಂದು ಹೇಳುತ್ತಿತ್ತು. ಸರಕಾರಿ ಹಣದ ಸಂಶೋಧನೆಯಲ್ಲಿ ಮಹಿಳೆಯರು ಇರಲೇಬೇಕೆಂಬ ಕಾನೂನು ಬಂದದ್ದು 1993ರಲ್ಲಿ. ಪ್ರಯೋಗದ ಪ್ರಾಣಿಗಳಲ್ಲಿಯೂ ಗಂಡು ಹೆಣ್ಣು ಎರಡನ್ನೂ ಪರಿಗಣಿಸಬೇಕೆಂಬ ನಿಯಮ ಜಾರಿಯಾದದ್ದು 2016ರಲ್ಲಿ. ನಿಕೋಟಿನ್ ಚೂಯಿಂಗ್ ಗಮ್‌ಗೆ ಆ ದೇಶದಲ್ಲಿ ಒಪ್ಪಿಗೆ ದೊರೆತದ್ದು 1984ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ತಡವಾಗಿ ಬಂದ ವಿಷಯಗಳಿಗೆ ಅತಿರೇಕದ ಅಪಾಯವೂ ಇರುತ್ತದೆ. ಮೇಲಿನದೆಲ್ಲ ಸರಾಸರಿಯ ಮಾತು. ನಿಕೋಟಿನ್ ನಿಧಾನವಾಗಿ ಕರಗಿಸುವ ಹೆಂಗಸರೂ, ಘಮಕ್ಕೆ ಸೋಲುವ ಗಂಡಸರೂ ಬೇಕಾದಷ್ಟಿದ್ದಾರೆ. ಬ್ರಿಟನ್ನಿನ ಮಾರ್ಟಿನ್ ಜಾರ್ವಿಸ್ ಮತ್ತು ಸಂಗಡಿಗರು 2013ರಲ್ಲಿ ಅಮೆರಿಕ, ಕೆನಡಾ, ಇಂಗ್ಲೆಂಡಿನ ಜನಸಮೀಕ್ಷೆಗಳನ್ನು ತೆರೆದು ನೋಡಿದಾಗ, 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಧೂಮಪಾನ ತ್ಯಜಿಸಿದವರ ಪ್ರಮಾಣ ಹೆಂಗಸರಲ್ಲಿಯೇ ತುಸು ಹೆಚ್ಚಿತ್ತು. ಅದಕ್ಕಿಂತ ಹಿರಿಯರಲ್ಲಿ ಮಾತ್ರ ಗಂಡಸರು ಮುಂದಿದ್ದರು. ಹೆಂಗಸರಿಗೆ ಬಿಡಲಾಗದು ಎಂಬುದು ಸುಳ್ಳು. ಕೆಲವು ಮದ್ದು ಅವರಿಗೆ ಕಡಿಮೆ ಒಗ್ಗುತ್ತದೆ ಎಂಬುದಷ್ಟೇ ನಿಜ.

ಹದಿಹರೆಯದವರ ವಿಷಯ ಬೇರೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 12, 13ರ ವಯಸ್ಸಿನ 679 ಶಾಲಾಮಕ್ಕಳನ್ನು ಎರಡೂವರೆ ವರ್ಷ ಹಿಂಬಾಲಿಸಿದ ಜೋಸೆಫ್ ಡಿಫ್ರಾಂಝ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಂಕಿ ಎದೆ ಝಲ್ಲೆನಿಸುವಂಥದು. ತಿಂಗಳಿಗೊಮ್ಮೆಯಾದರೂ ಸೇದಲು ಆರಂಭಿಸಿ ಮುಂದೆ ಚಟದ ಲಕ್ಷಣ ಕಂಡ ಮಕ್ಕಳಲ್ಲಿ, ಮೊದಲ ಲಕ್ಷಣ ಕಾಣಿಸಲು ಹುಡುಗರಿಗೆ ಹಿಡಿದ ಮಧ್ಯಮಾಂಕದ ಅವಧಿ 183 ದಿನ. ಹುಡುಗಿಯರಿಗೆ 21 ದಿನ.

ಬಾಯಿಯೊಳಗಿನ ಹೊಗೆಸೊಪ್ಪು

ಮನುಷ್ಯರ ಮೇಲಿನ ಈ ಅಧ್ಯಯನಗಳು ಬಹುತೇಕ ಸಿಗರೇಟು ಸೇದುವವರದು. ಭಾರತದ ಮಹಿಳೆಗೆ ನಿಕೋಟಿನ್ ತಲುಪುವ ದಾರಿ ಬೇರೆ. 2016-17ರ ರಾಷ್ಟ್ರೀಯ ವಯಸ್ಕರ ತಂಬಾಕು ಸಮೀಕ್ಷೆಯಂತೆ ದೇಶದ ಮಹಿಳೆಯರಲ್ಲಿ ಸೇದುವವರು ಶೇ. 2 ಮಾತ್ರ, ಜಗಿಯುವುದು, ಹಲ್ಲಿಗೆ ಉಜ್ಜುವುದು ಇತ್ಯಾದಿ ಹೊಗೆರಹಿತ ತಂಬಾಕು ಬಳಸುವವರು ಶೇ. 12.8. ಕರ್ನಾಟಕದಲ್ಲಿ ಯಾವುದಾದರೂ ಬಗೆಯಲ್ಲಿ ತಂಬಾಕು ಬಳಸುವ ಗಂಡಸರು ಶೇ. 35.2, ಹೆಂಗಸರು ಶೇ. 10.3 ಎಂದು ಅದೇ ಸಮೀಕ್ಷೆ ಹೇಳುತ್ತದೆ. ಬೆಂಗಳೂರಿನ ಕಾಫಿ ಅಂಗಡಿಯೆದುರು ಸಿಗರೇಟು ಹಿಡಿದ ಯುವತಿಯ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಸೊಂಟದ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪಿನ ಚೂರು ಇಟ್ಟುಕೊಂಡ ಅಜ್ಜಿಯನ್ನು ಯಾರೂ ವ್ಯಸನಿ ಎಂದು ಕರೆಯುವುದಿಲ್ಲ. ಸಂಖ್ಯೆಯಲ್ಲಿ ದೊಡ್ಡ ಗುಂಪು ಮಾತ್ರ ಎರಡನೆಯದು.

ಸುಣ್ಣದ ಕ್ಷಾರಗುಣದಿಂದ ನಿಕೋಟಿನ್ ಕೆನ್ನೆಯ ಒಳಪದರದಲ್ಲಿ ಸಲೀಸಾಗಿ ಹೀರಲ್ಪಡುತ್ತದೆ. ಸಿಗರೇಟಿನಂತೆ ಥಟ್ಟನೆ ಏರುವುದಿಲ್ಲ, ಆದರೆ ಏರಿದ್ದು ಬಹಳ ಹೊತ್ತು ನಿಲ್ಲುತ್ತದೆ. ಊಟದ ನಂತರದ ತಾಂಬೂಲ, ಮಧ್ಯಾಹ್ನದ ಹರಟೆ, ಹೊಲದ ಬದುವಿನ ವಿಶ್ರಾಂತಿ ಎಲ್ಲಕ್ಕೂ ಅದು ತಳುಕು ಹಾಕಿಕೊಂಡಿರುವಾಗ, ಪರ್ಕಿನ್ಸ್ ಹೇಳಿದ ಹೆಣಿಗೆ ಇಲ್ಲಿ ಇನ್ನೆಷ್ಟು ಬಿಗಿಯಿರಬೇಡ ಎನಿಸುತ್ತದೆ. ಇದರ ಪರಿಣಾಮವೇನೂ ಅಲ್ಪವಲ್ಲ. ಮುಂಬಯಿಯ 1,217 ಮಹಿಳೆಯರನ್ನು ಗರ್ಭಾವಸ್ಥೆಯಿಂದ ಹಿಂಬಾಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸಿದ ತಾಯಂದಿರ ಶಿಶುಗಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ಅವರಲ್ಲಿ ಹೆಚ್ಚಿನವರು ಬಳಸುತ್ತಿದ್ದುದು ಹಲ್ಲಿಗೆ ಉಜ್ಜುವ ಮಿಶ್ರಿ ಎಂಬ ಸುಟ್ಟ ತಂಬಾಕಿನ ಪುಡಿ.

ಚಟ ಬಿಡಲು ವೈದ್ಯರ ಬಳಿ ಹೋಗುವ ಮಹಿಳೆ ಕೆಲವು ಸಂಗತಿಗಳನ್ನು ಕೇಳದಿದ್ದರೂ ತಾನಾಗಿ ಹೇಳುವುದು ಒಳ್ಳೆಯದು. ಗರ್ಭನಿರೋಧಕ ಗುಳಿಗೆ ಸೇವಿಸುತ್ತಿದ್ದರೆ ಅದು ಮೊದಲನೆಯದು. ಏಕೆಂದರೆ ನಿಕೋಟಿನ್ ಕರಗುವ ವೇಗವೊಂದೇ ಅಲ್ಲ, 35 ದಾಟಿದ ಧೂಮಪಾನಿ ಮಹಿಳೆಯರಲ್ಲಿ ಈಸ್ಟ್ರೋಜನ್ ಇರುವ ಗುಳಿಗೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನೂ ಹೆಚ್ಚಿಸುತ್ತದೆ. ಗರ್ಭ ಧರಿಸಿದ್ದರೆ ಅಥವಾ ಧರಿಸುವ ಯೋಚನೆಯಿದ್ದರೆ ಅದನ್ನೂ ಹೇಳಬೇಕು. ಯಾವ ಹೊತ್ತಿನಲ್ಲಿ, ಯಾರ ಜೊತೆಗೆ, ಯಾವ ಮನಸ್ಥಿತಿಯಲ್ಲಿ ಕೈ ಸಿಗರೇಟಿಗೋ ಎಲೆಚೀಲಕ್ಕೋ ಹೋಗುತ್ತದೆ ಎಂಬುದನ್ನು ಒಂದು ವಾರ ಬರೆದಿಟ್ಟುಕೊಂಡು ಹೋದರೆ ಆಪ್ತಸಲಹೆಗಾರರಿಗೆ ಬಹಳ ಅನುಕೂಲ. ಹಿಂದೊಮ್ಮೆ ಪಟ್ಟಿಯೋ ಗಮ್ಮೋ ಬಳಸಿ ಸೋತಿದ್ದರೆ ನಾಚಿಕೆಪಡದೆ ತಿಳಿಸಿ, ಬೇರೆ ಔಷಧ ಉಂಟೇ ಎಂದು ಕೇಳಬಹುದು. ಆಸ್ಪತ್ರೆಗೆ ಹೋಗಲು ಸಂಕೋಚವಿರುವವರಿಗೆ ಕೇಂದ್ರ ಸರಕಾರದ ಶುಲ್ಕರಹಿತ ದೂರವಾಣಿ ಸಂಖ್ಯೆ 1800-11-2356 ಇದೆ. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸೇವೆಗೆ 2018ರಲ್ಲಿ ಸೇರಿದ ಕೇಂದ್ರಗಳ ಪೈಕಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು.